ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕನ್ನಡ: ಪಾಡ್‌ಕಾಸ್ಟ್ ಮುಖಚಿತ್ರ ಮಾಡುವ ಬಗೆ

ಮುಂಬಯಿಯಲ್ಲಿ ಸಂಜೆಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತವರ ಒಂದು ಕೈ ಮೇಲಿನ ಹಿಡಿಕೆಯಲ್ಲಿರುತ್ತದೆ, ಇನ್ನೊಂದು ಕೈ ಫೋನಿನ ಮೇಲೆ. ಹೆಬ್ಬೆರಳು ಪಾಡ್‌ಕಾಸ್ಟ್ ಆ್ಯಪ್‌ನ ಪಟ್ಟಿಯನ್ನು ಸರಸರನೆ ಮೇಲೆ ತಳ್ಳುತ್ತಿರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಪಾಡ್‌ಕಾಸ್ಟ್‌ನ ಮುಖಚಿತ್ರ ಆ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗಿ ಕಾಣುವುದಿಲ್ಲ. ಆದರೆ ನಾವು ಚಿತ್ರ ಮಾಡುವುದು ಲ್ಯಾಪ್‌ಟಾಪ್‌ನ ದೊಡ್ಡ ಪರದೆಯ ಮೇಲೆ. ಮುಂಬಯಿಯ ಕನ್ನಡ ಪಾಡ್‌ಕಾಸ್ಟ್‌ಗಳಿರಲಿ, ಬೇರೆ ಊರಿನವಿರಲಿ, ಮುಖಚಿತ್ರ ಕೆಡುವುದು ಹೆಚ್ಚಾಗಿ ಈ ಅಂತರದಲ್ಲೇ. ಆದ್ದರಿಂದ ಚಿಕ್ಕ ಅಳತೆಯಿಂದಲೇ ಕೆಲಸ ಶುರು ಮಾಡಿ, ಅದು ಗೆದ್ದ ಮೇಲೆ ದೊಡ್ಡದಕ್ಕೆ ಹೋಗಿ.

ಮೊದಲು ಅಳತೆ

ಮುಖಚಿತ್ರ ಪೂರ್ತಿ ಚೌಕವಾಗಿರಬೇಕು. ಆ್ಯಪಲ್ ಪಾಡ್‌ಕಾಸ್ಟ್ಸ್ ಕೇಳುವುದು ಕನಿಷ್ಠ 1400 × 1400, ಗರಿಷ್ಠ 3000 × 3000 ಪಿಕ್ಸೆಲ್. ನೇರವಾಗಿ 3000ರಲ್ಲೇ ಮಾಡಿ, ಮಿಕ್ಕ ಕಡೆಗಳಿಗೂ ಅದೇ ಸಾಕಾಗುತ್ತದೆ. ಬಣ್ಣದ ಮೋಡ್ ಆರ್‌ಜಿಬಿ (ಪರದೆಗೆ ಬಳಸುವ ಕೆಂಪು-ಹಸಿರು-ನೀಲಿ ಬೆರಕೆ), ಫೈಲ್ ಜೆಪೆಗ್ ಅಥವಾ ಪಿಎನ್‌ಜಿ. ಪಿಎನ್‌ಜಿ ಆದರೆ ಹಿನ್ನೆಲೆ ಪಾರದರ್ಶಕ ಆಗಿರಕೂಡದು.

ಈಗ ಒಂದು ಲೆಕ್ಕ. 3000 ಪಿಕ್ಸೆಲ್‌ನ ಚಿತ್ರ ಪಟ್ಟಿಯಲ್ಲಿ 60 ಪಿಕ್ಸೆಲ್‌ಗೆ ಕುಗ್ಗಿತು ಎನ್ನೋಣ. ನಿಮ್ಮ ಕ್ಯಾನ್ವಾಸ್‌ನ 50 ಪಿಕ್ಸೆಲ್ ಅಲ್ಲಿ ಬರೀ 1 ಪಿಕ್ಸೆಲ್ ಆಗುತ್ತದೆ. ಅಕ್ಷರದ ಗೆರೆ 50ಕ್ಕಿಂತ ತೆಳುವಾಗಿದ್ದರೆ ಅದು ಹಿನ್ನೆಲೆಯ ಬಣ್ಣದಲ್ಲಿ ಕರಗಿಹೋಗುತ್ತದೆ. 100 ಇದ್ದರೆ ನಿಲ್ಲುತ್ತದೆ. ಈ ಐವತ್ತಕ್ಕೆ ಒಂದರ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ. ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಅದೇ ಉತ್ತರ ಕೊಡುತ್ತದೆ.

ನಾಲ್ಕೂ ಅಂಚಿನಿಂದ 150 ಪಿಕ್ಸೆಲ್ ಒಳಗೆ ಗೈಡ್ ಗೆರೆ ಎಳೆದುಕೊಳ್ಳಿ. ಆ್ಯಪ್‌ಗಳು ಮೂಲೆಗಳನ್ನು ದುಂಡಗೆ ಕತ್ತರಿಸುತ್ತವೆ, ಕೆಲವು ಕೆಳಗಿನ ಮೂಲೆಯ ಮೇಲೆ ಪ್ಲೇ ಗುರುತನ್ನೋ ಸಮಯವನ್ನೋ ಕೂರಿಸುತ್ತವೆ. ಹೆಸರಾಗಲಿ ಮುಖವಾಗಲಿ ಆ ಗೆರೆ ದಾಟಬಾರದು.

ಹೆಸರು: ಕನ್ನಡ ಲಿಪಿ ಕೇಳುವ ಜಾಗ

ಇಂಗ್ಲಿಷ್‌ನಲ್ಲಿ ಬರೆದ ಸಲಹೆಗಳು ನಮಗೆ ಪೂರ್ತಿ ಸಾಲದಿರುವುದು ಇಲ್ಲಿ. ಇಂಗ್ಲಿಷ್‌ನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಬಲಕ್ಕೆ ಕೊಂಬು, ದೀರ್ಘ, ಕೆಳಗೆ ಒತ್ತು. ಒತ್ತಕ್ಷರದ ಗಾತ್ರ ಮೂಲ ಅಕ್ಷರದ ಅರ್ಧಕ್ಕಿಂತ ತುಸು ಹೆಚ್ಚಿರುತ್ತದೆ ಅಷ್ಟೆ. ಮೂಲ ಅಕ್ಷರ 500 ಪಿಕ್ಸೆಲ್ ಎತ್ತರ ಇದ್ದರೂ ಪಟ್ಟಿಯಲ್ಲಿ ಅದಕ್ಕೆ ಸಿಗುವುದು 10, ಒತ್ತಿಗೆ 5 ಅಥವಾ 6. ಅಷ್ಟರಲ್ಲಿ ಕ-ಒತ್ತು ಯಾವುದು, ತ-ಒತ್ತು ಯಾವುದು ಎಂದು ಕಣ್ಣಿಗೆ ತಿಳಿಯಬೇಕು.

ಆದ್ದರಿಂದ ಮುಖಚಿತ್ರದ ಕೆಲಸ ಹೆಸರಿಡುವಾಗಲೇ ಶುರುವಾಗಿರುತ್ತದೆ. ಉದಾಹರಣೆಗೆ ‘ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಹೆಜ್ಜೆಗುರುತುಗಳು’ ಎಂಬ ಹೆಸರನ್ನು ನೋಡಿ. ಉದ್ದ ಒಂದು ಕಡೆ, ‘ಸ್ಕೃ’ದಲ್ಲಿ ಒತ್ತು ಮತ್ತು ಋಕಾರ ಎರಡೂ ಕೆಳಗೆ ಮುದ್ದೆಯಾಗುವುದು ಇನ್ನೊಂದು ಕಡೆ. ಅದರ ಬದಲು ‘ಎರಡನೇ ಊರು’ ಎಂದಿಟ್ಟರೆ ಆರೇ ಅಕ್ಷರ, ಒತ್ತು ಒಂದೂ ಇಲ್ಲ. ‘ಎರಡನೇ’ ಮೇಲಿನ ಸಾಲು, ‘ಊರು’ ಕೆಳಗಿನ ಸಾಲು. ಸುರಕ್ಷಿತ ಅಗಲ 2700ರಲ್ಲಿ ನಾಲ್ಕು ಅಕ್ಷರ ಕೂತರೆ ಒಂದೊಂದಕ್ಕೆ ಸುಮಾರು 650 ಪಿಕ್ಸೆಲ್, ಪಟ್ಟಿಯಲ್ಲಿ 13. ಓದಲು ಧಾರಾಳ. ಹೆಸರು ಈಗಾಗಲೇ ನಿಂತುಹೋಗಿದೆ, ಬದಲಿಸಲಾಗದು ಎಂದಾದರೆ ಮುಖಚಿತ್ರದಲ್ಲಿ ಅದರ ಮುಖ್ಯವಾದ ಒಂದೋ ಎರಡೋ ಪದವನ್ನು ದೊಡ್ಡದು ಮಾಡಿ, ಉಳಿದದ್ದನ್ನು ಚಿಕ್ಕದಾಗಿ ಇಡಿ. ಎರಡು ಸಾಲು ಮೀರಬೇಡಿ.

ಅಕ್ಷರಶೈಲಿ ಆರಿಸುವಾಗ ದಪ್ಪ ಗೆರೆಯವನ್ನೇ ನೋಡಿ. ಮುಂಬಯಿಯದೇ ಆದ ಏಕ್ ಟೈಪ್ ಸಂಸ್ಥೆ ರೂಪಿಸಿದ ‘ಅನೇಕ್ ಕನ್ನಡ’ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ದಪ್ಪವನ್ನೂ ಅಗಲವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಉದ್ದನೆಯ ಪದವನ್ನು ಹಿಂಡದೆಯೇ ಕಿರಿದು ರೂಪದಲ್ಲಿ ಕೂರಿಸಬಹುದು. ಅವರದೇ ‘ಬಲೂ ತಮ್ಮ’ ದುಂಡಗೆ, ಸ್ನೇಹದ ಮುಖ. ಹರಟೆ, ಅಡುಗೆ, ಮಕ್ಕಳ ಕಥೆಗೆ ಒಪ್ಪುತ್ತದೆ. ಸುದ್ದಿ, ಸಂದರ್ಶನಕ್ಕೆ ‘ನೋಟೋ ಸ್ಯಾನ್ಸ್ ಕನ್ನಡ’ದ ಬೋಲ್ಡ್ ಅಥವಾ ಬ್ಲ್ಯಾಕ್ ಸಾಕು. ಈ ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಮುಕ್ತ ಪರವಾನಗಿಯವು. ‘ಟೀರೊ ಕನ್ನಡ’ ಪುಸ್ತಕದ ಪುಟದಲ್ಲಿ ಬಹಳ ಚೆಲುವು, ಆದರೆ ಅದರ ತೆಳು ಗೆರೆಗಳು ಇಲ್ಲಿ ಉಳಿಯುವುದಿಲ್ಲ. ದಪ್ಪದಲ್ಲೂ ಅತಿಗೆ ಹೋಗಬೇಡಿ. ಬ–ಭ, ದ–ಧ, ಪ–ಫ ಇವುಗಳನ್ನು ಬೇರೆ ಮಾಡುವುದು ಹೊಟ್ಟೆಯೊಳಗಿನ ಒಂದು ಸಣ್ಣ ಸೀಳು. ಗೆರೆ ತುಂಬ ದಪ್ಪವಾದರೆ ಆ ಸೀಳು ಮುಚ್ಚಿಹೋಗಿ ‘ಭಾರ’ ‘ಬಾರ’ ಆಗುತ್ತದೆ.

ಅಕ್ಷರ ಕೂರಿಸುವಾಗ ಸಾಮಾನ್ಯವಾಗಿ ಎಡವುವ ಕಡೆಗಳು ಇವು:

ಒತ್ತು ಕೆಳಗೆ ಬಾರದೆ ಅರ್ಧಕ್ಷರವಾಗಿ ಪಕ್ಕದಲ್ಲಿ ನಿಂತರೆ ತಪ್ಪು ತಂತ್ರಾಂಶದ್ದು. ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಹಾಕಿ, ತಂತ್ರಾಂಶ ಮುಚ್ಚಿ ಮತ್ತೆ ತೆರೆಯಬೇಕು. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ, ಅದು ಉಚಿತ ಕೂಡ.

ಪದದ ಬದಲು ಅರ್ಥವಿಲ್ಲದ ಗುರುತುಗಳು ಕಂಡರೆ ಆ ಪಠ್ಯ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಟೈಪ್ ಆದದ್ದು. ಯುನಿಕೋಡ್‌ಗೆ ಪರಿವರ್ತಿಸಿ, ಇಲ್ಲವೇ ಮತ್ತೆ ಟೈಪ್ ಮಾಡಿ. ನಾಲ್ಕು ಪದವಾದರೆ ಟೈಪ್ ಮಾಡುವುದೇ ಬೇಗ.

ಇಂಗ್ಲಿಷ್‌ನಿಂದ ಬಂದ ಪದಗಳಲ್ಲಿ ಅರ್ಧಕ್ಷರ ಕಾಪಾಡುವ ಒಂದು ಅದೃಶ್ಯ ಅಕ್ಷರ ಇರುತ್ತದೆ. ವಾಟ್ಸ್ಆ್ಯಪ್‌ನಿಂದ ನಕಲು ಮಾಡಿ ಅಂಟಿಸುವಾಗ ಅದು ಬಿದ್ದುಹೋದರೆ ‘ಪಾಡ್‌ಕಾಸ್ಟ್’ ಹೋಗಿ ಡಕಾರದ ಕೆಳಗೆ ಕ-ಒತ್ತು ನೇತಾಡುತ್ತದೆ. ಅಂಟಿಸಿದ ಮೇಲೆ ಪ್ರತಿ ಅಕ್ಷರವನ್ನೂ ಕಣ್ಣಿಟ್ಟು ಓದಿ.

ಅಕ್ಷರಗಳ ನಡುವೆ ಅಂತರ ಹಿಗ್ಗಿಸಬೇಡಿ. ಇಂಗ್ಲಿಷ್‌ನಲ್ಲಿ ಅದು ಗಾಂಭೀರ್ಯ ತರಬಹುದು. ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತು ತಮ್ಮ ಅಕ್ಷರದಿಂದ ಕಳಚಿಕೊಂಡಂತೆ ಕಾಣುತ್ತವೆ. ಸಾಲುಗಳ ನಡುವೆ ಮಾತ್ರ ಜಾಗ ಬೇಕು. ಫಾಂಟ್ ಗಾತ್ರದ 130ರಿಂದ 140 ಶೇಕಡ ಇಟ್ಟು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಿದ್ದರೆ ಸ್ವಲ್ಪ ಬಿಗಿ ಮಾಡಬಹುದು. ‘ಎರಡನೇ / ಊರು’ವಿನಂಥ ಹೆಸರಿನಲ್ಲಿ 100ರವರೆಗೂ ಇಳಿಯಬಹುದು.

ಯಾವ ಲಿಪಿ?

ಮುಂಬಯಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಆಡುವ, ಆದರೆ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋದ ಕಾರಣ ಕನ್ನಡ ಓದಲು ಬಾರದ ಮಕ್ಕಳು ಸಯನ್‌ನಿಂದ ವಸಾಯಿವರೆಗೂ ಇದ್ದಾರೆ. ಅವರೂ ಕೇಳಬೇಕಾದವರೇ. ಹಾಗೆಂದು ಮುಖಚಿತ್ರದಲ್ಲಿ ಎರಡು ಮೂರು ಲಿಪಿ ತುರುಕಿದರೆ ಪ್ರತಿಯೊಂದೂ ಚಿಕ್ಕದಾಗಿ, ಯಾರಿಗೂ ಓದಲಾಗದಂತಾಗುತ್ತದೆ. ನಮ್ಮ ಸಲಹೆ ಸ್ಪಷ್ಟ: ಚಿತ್ರದ ಮೇಲೆ ಕನ್ನಡ ಮಾತ್ರ. ಇಂಗ್ಲಿಷ್ ಲಿಪಿಯ ರೂಪವನ್ನು ಆ್ಯಪ್‌ನ ಶೀರ್ಷಿಕೆಯ ಜಾಗದಲ್ಲಿ, ಕನ್ನಡ ಹೆಸರಿನ ಪಕ್ಕದಲ್ಲಿ ಬರೆಯಿರಿ. ಅದು ಚಿತ್ರದ ಪಕ್ಕದಲ್ಲೋ ಕೆಳಗೋ ಹೇಗೂ ಕಾಣುತ್ತದೆ. ಹುಡುಕುವವರಿಗೆ ಸಿಗುವುದೂ ಆ ಶೀರ್ಷಿಕೆಯಿಂದಲೇ. ಓದಲು ಬಾರದ ಮಗುವೂ ದುಂಡನೆಯ ಅಕ್ಷರ ಕಂಡ ಕೂಡಲೇ ‘ಇದು ನಮ್ಮದು’ ಎಂದು ಗುರುತಿಸುತ್ತದೆ. ಆ ಗುರುತನ್ನು ಬಿಟ್ಟುಕೊಡಬಾರದು.

ಚಿತ್ರ

ಒಂದೇ ವಸ್ತು, ದೊಡ್ಡದಾಗಿ. ಮುಂಬಯಿ ಎಂದ ಕೂಡಲೇ ಗೇಟ್‌ವೇ, ಸಿಎಸ್‌ಎಂಟಿ ರೈಲು ನಿಲ್ದಾಣದ ಕಟ್ಟಡ, ಸೀ ಲಿಂಕ್ ನೆನಪಾಗುವುದು ಸಹಜ. ಆದರೆ 60 ಪಿಕ್ಸೆಲ್‌ನಲ್ಲಿ ಗೇಟ್‌ವೇ ಒಂದು ಕಂದು ಇಟ್ಟಿಗೆ, ಸಿಎಸ್‌ಎಂಟಿಯ ಕೆತ್ತನೆಯೆಲ್ಲ ಒರಟು ಕಲೆ. ಹೊರಗೆರೆಯಿಂದಲೇ ಗುರುತು ಸಿಗುವ ವಸ್ತು ಹುಡುಕಿ: ಲೋಕಲ್‌ನಲ್ಲಿ ತಲೆಮೇಲೆ ತೂಗುವ ಹಿಡಿಕೆ, ಮಾಟುಂಗದ ಹೋಟೆಲ್‌ನ ಸ್ಟೀಲ್ ಕಾಫಿ ಲೋಟ, ಮಳೆಗಾಲದ ಕೊಡೆ. ಪರೀಕ್ಷೆ ಸುಲಭ. ವಸ್ತುವನ್ನು ಪೂರ್ತಿ ಕಪ್ಪು ಬಣ್ಣದಿಂದ ತುಂಬಿ, ಪಕ್ಕದವರಿಗೆ ತೋರಿಸಿ ‘ಏನಿದು?’ ಎಂದು ಕೇಳಿ. ತಡವರಿಸಿದರೆ ಬೇರೆ ವಸ್ತು ನೋಡಿ. ಮೈಕ್, ಹೆಡ್‌ಫೋನ್, ಧ್ವನಿಯ ಅಲೆಗಳು ಬೇಡ. ಪಾಡ್‌ಕಾಸ್ಟ್ ಆ್ಯಪ್‌ನ ಒಳಗೆ ಇದ್ದವರಿಗೆ ಅವು ಹೊಸದೇನನ್ನೂ ಹೇಳುವುದಿಲ್ಲ. ‘ಪಾಡ್‌ಕಾಸ್ಟ್’ ಎಂಬ ಪದಕ್ಕೂ ಇದೇ ಮಾತು.

ನಿರೂಪಕರ ಮುಖವೇ ಚಿತ್ರವಾಗುವುದಾದರೆ ಒಬ್ಬರ ಮುಖ ಚೌಕದ ಎತ್ತರದಲ್ಲಿ ಅರ್ಧದಷ್ಟಾದರೂ ತುಂಬಿರಲಿ. ಇಬ್ಬರಿದ್ದರೆ ಭುಜಗಳು ಒಂದರ ಮೇಲೊಂದು ಬರುವಷ್ಟು ಹತ್ತಿರ ನಿಲ್ಲಿಸಿ. ಮೂವರು, ನಾಲ್ವರಾದರೆ ಮುಖಗಳನ್ನು ಬಿಟ್ಟು ವಸ್ತುವಿಗೆ ಹೋಗಿ. ಫೋಟೋಗೆ ದುಬಾರಿ ಲೈಟ್ ಬೇಡ. ಜುಲೈ ತಿಂಗಳ ಮೋಡದ ಬೆಳಕು ಕಿಟಕಿಯಿಂದ ಬರುತ್ತಿರುವಾಗ, ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಓರೆಯಾಗಿ ಕೂರಿಸಿ ತೆಗೆದರೆ ಮುಖದ ಮೇಲೆ ಮೃದುವಾದ ಬೆಳಕು ಬೀಳುತ್ತದೆ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಎರಡು ಬಣ್ಣದ ಬೆಳಕು ಬೆರೆತು ಚರ್ಮ ಹಸಿರಿಗೆ ತಿರುಗುತ್ತದೆ.

ಇಂಟರ್‌ನೆಟ್‌ನಲ್ಲಿ ಸಿಕ್ಕ ಫೋಟೋ, ಸಿನಿಮಾ ದೃಶ್ಯ, ರೈಲ್ವೆ ಅಥವಾ ಬೆಸ್ಟ್ ಬಸ್ಸಿನ ಲಾಂಛನ, ಆ್ಯಪಲ್ ಅಥವಾ ಸ್ಪಾಟಿಫೈನ ಗುರುತು, ಯಾವುದನ್ನೂ ಬಳಸಬಾರದು. ಹಕ್ಕಿನ ತಕರಾರು ಬಂದರೆ ಪಾಡ್‌ಕಾಸ್ಟೇ ಪಟ್ಟಿಯಿಂದ ಹೊರಗಾಗಬಹುದು.

ಬಣ್ಣ

ಎರಡು ಬಣ್ಣ ಸಾಕು, ಮೂರು ಗರಿಷ್ಠ. ಬಣ್ಣ ಇಷ್ಟವೇ ಎನ್ನುವುದಕ್ಕಿಂತ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬೆಳಕಿನ ಅಂತರ ಎಷ್ಟು ಎನ್ನುವುದನ್ನು ಮೊದಲು ನೋಡಬೇಕು. ಅದನ್ನು ಅಳೆಯುವ ಕಾಂಟ್ರಾಸ್ಟ್ ಚೆಕ್ಕರ್‌ಗಳು ಉಚಿತವಾಗಿ ಸಿಗುತ್ತವೆ. ವೆಬ್‌ನ ಸುಲಭಬಳಕೆಯ ನಿಯಮ ಸಾಮಾನ್ಯ ಪಠ್ಯಕ್ಕೆ 4.5:1 ಕೇಳುತ್ತದೆ, ಮುಖಚಿತ್ರಕ್ಕೆ 7ರ ಮೇಲೆ ಇಟ್ಟುಕೊಂಡರೆ ಬಿಸಿಲಿನ ಪ್ಲಾಟ್‌ಫಾರ್ಮ್ ಮೇಲೂ ಓದಬಹುದು.

ಈ ಊರಿನ ಕಾಳಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯ ಜೋಡಿಯನ್ನೇ ನೋಡಿ. ಕೆಂಪು 247, ಹಸಿರು 198, ನೀಲಿ 0 ಇರುವ ಹಳದಿಯ ಮೇಲೆ ಕಪ್ಪು ಅಕ್ಷರ ಇಟ್ಟರೆ ಅನುಪಾತ ಸುಮಾರು 13:1. ಅದೇ ಹಳದಿಯ ಮೇಲೆ ಬಿಳಿ ಇಟ್ಟರೆ 1.6:1, ಅಕ್ಷರ ಇದ್ದೂ ಇಲ್ಲದಂತೆ. ಬಸ್ಸಿನ ಕೆಂಪಿನಂಥ 200, 30, 30ರ ಮೇಲೆ ಬಿಳಿಗೆ 5.7 ಸಿಗುತ್ತದೆ, ಕಪ್ಪಿಗೆ 3.7 ಮಾತ್ರ. ಧ್ವಜದ ಹಳದಿ-ಕೆಂಪನ್ನು ಹಾಕುವ ಆಸೆ ನಮ್ಮಲ್ಲಿ ಹಲವರಿಗೆ ಇರುತ್ತದೆ. ಹಾಕಿ, ಆದರೆ ಹಳದಿಯನ್ನು ಹಿನ್ನೆಲೆ ಮಾಡಿ, ಕೆಂಪನ್ನು ಗಾಢ ಕುಂಕುಮದ ಬಣ್ಣಕ್ಕೆ ಇಳಿಸಿ ಅಕ್ಷರಕ್ಕೆ ಕೊಡಿ.

ಪೂರ್ತಿ ಬಿಳಿ ಹಿನ್ನೆಲೆ ಆ್ಯಪ್‌ನ ಬಿಳಿಯಲ್ಲಿ ಬೆರೆತುಹೋಗುತ್ತದೆ, ಪೂರ್ತಿ ಕಪ್ಪು ಡಾರ್ಕ್ ಮೋಡ್‌ನಲ್ಲಿ. ಫೋಟೋದ ಮೇಲೆ ನೇರವಾಗಿ ಅಕ್ಷರ ಕೂರಿಸಿ, ಓದಲಾಗದೆ, ನೆರಳು ಕೊಟ್ಟು, ಹೊಳಪು ಕೊಟ್ಟು ಸರಿಮಾಡಲು ಹೋಗಬೇಡಿ. ಕುಗ್ಗಿದಾಗ ಆ ನೆರಳು ಬರೀ ಮಸುಕಾಗುತ್ತದೆ. ಅಕ್ಷರದ ಹಿಂದೆ ಒಂದೇ ಬಣ್ಣದ ಪಟ್ಟಿ ಇಡಿ.

ಪರೀಕ್ಷೆ

ಚಿತ್ರವನ್ನು 300, 100, 60 ಪಿಕ್ಸೆಲ್‌ಗಳ ಮೂರು ಪ್ರತಿ ಮಾಡಿ. ನೀವು ಬಳಸುವ ಆ್ಯಪ್‌ನ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಅಲ್ಲಿರುವ ಒಂದು ಮುಖಚಿತ್ರದ ಮೇಲೆ ನಿಮ್ಮದನ್ನು ಅದೇ ಅಳತೆಯಲ್ಲಿ ಅಂಟಿಸಿ. ಬಿಳಿ ಮೋಡ್‌ಗೆ ಒಂದು, ಡಾರ್ಕ್ ಮೋಡ್‌ಗೆ ಒಂದು. ಆ ಸ್ಕ್ರೀನ್‌ಶಾಟನ್ನು ಫೋನಿನಲ್ಲಿ ತೆರೆದು, ಹೊಳಪನ್ನು ಅರ್ಧಕ್ಕೆ ಇಳಿಸಿ, ಕೈ ಚಾಚಿದಷ್ಟು ದೂರದಲ್ಲಿ ಹಿಡಿಯಿರಿ. ಚಿತ್ರವನ್ನು ಮೊದಲ ಬಾರಿ ನೋಡುವವರ ಕೈಗೆ ಎರಡು ಸೆಕೆಂಡ್ ಕೊಟ್ಟು ಹಿಂದಕ್ಕೆ ತೆಗೆದುಕೊಂಡು, ಹೆಸರೇನಿತ್ತು ಎಂದು ಕೇಳಿ. ಮನೆಯ ಹಿರಿಯರೊಬ್ಬರು ಕನ್ನಡಕವಿಲ್ಲದೆ ಓದಿದರೆ ಕೆಲಸ ಮುಗಿದಂತೆಯೇ. ಓದಲಾಗದಿದ್ದರೆ ಮೊದಲು ಚಿತ್ರದಿಂದ ಏನನ್ನಾದರೂ ತೆಗೆಯಿರಿ, ಆಮೇಲೆ ಅಕ್ಷರ ಹಿಗ್ಗಿಸಿ.

ಕಳುಹಿಸುವುದು, ಬದಲಿಸುವುದು

ಮೂಲ ಫೈಲ್ ಬೇರೆಯಾಗಿ ಉಳಿಸಿಕೊಳ್ಳಿ. ಬೇರೆಯವರಿಗೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್‌ಗೆ, ಅಂದರೆ ಬರೀ ಆಕಾರಕ್ಕೆ, ಪರಿವರ್ತಿಸಿ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಹೆಸರು ಕೆಡುವುದಿಲ್ಲ. ಜೆಪೆಗ್ ಅನ್ನು ಗುಣಮಟ್ಟ 80ರ ಸುಮಾರಿನಲ್ಲಿ ಉಳಿಸಿ ನೋಡಿ. ಒಂದೇ ಬಣ್ಣದ ಹಿನ್ನೆಲೆ ಇದ್ದರೆ ಫೈಲ್ 500 ಕೆಬಿ ಒಳಗೇ ನಿಲ್ಲುತ್ತದೆ. ಅಕ್ಷರದ ಅಂಚಿನಲ್ಲಿ ಕೊಳೆಯಂಥ ಚುಕ್ಕಿಗಳು ಕಂಡರೆ ಗುಣಮಟ್ಟ ಏರಿಸಿ. ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಬೇಡಿ, ಅದು ಪಿಕ್ಸೆಲ್‌ಗಳನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ.

ಮುಂದೆ ಮುಖಚಿತ್ರ ಬದಲಿಸಿದಾಗ ಹಳೆಯದೇ ಕಾಣುತ್ತಿದ್ದರೆ ಗಾಬರಿಯಾಗಬೇಡಿ. ಆ್ಯಪ್‌ಗಳು ಹಳೆಯ ಪ್ರತಿಯನ್ನು ಕೂಡಿಟ್ಟುಕೊಂಡಿರುತ್ತವೆ. ಹೊಸ ಫೈಲಿಗೆ ಹೊಸ ಹೆಸರು ಕೊಟ್ಟು ಏರಿಸಿ, ಒಂದು ದಿನ ಕಾಯಿರಿ.

ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲೋ ನಡೆಯುವ ಕಾರ್ಯಕ್ರಮದಲ್ಲಿ ಹಂಚಲು ಇದನ್ನೇ ಮುದ್ರಿಸುವುದಾದರೆ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3000 ಪಿಕ್ಸೆಲ್ 10 ಇಂಚಿನವರೆಗೆ ಚೊಕ್ಕವಾಗಿ ಬರುತ್ತದೆ. ಅದಕ್ಕೆ ಸಿಎಂವೈಕೆಯ (ಮುದ್ರಣದ ನಾಲ್ಕು ಶಾಯಿಗಳ ಬಣ್ಣದ ಮೋಡ್) ಪ್ರತ್ಯೇಕ ಪ್ರತಿ ಮಾಡಿಸಿ. ಪರದೆಯಲ್ಲಿ ಹೊಳೆಯುವ ಹಸಿರು, ನೇರಳೆ ಕಾಗದದ ಮೇಲೆ ಮಂಕಾಗುತ್ತವೆ, ಹಾಗಾಗಿ ಒಂದು ಪ್ರತಿ ತೆಗೆಸಿ ನೋಡಿದ ಮೇಲೆಯೇ ಉಳಿದದ್ದಕ್ಕೆ ಹೇಳಿ. ಅಲ್ಲಿ ಕ್ಯೂಆರ್ ಕೋಡ್ ಹಾಕಬಹುದು, ಅಂಚಿನಲ್ಲಿ 3 ಮಿಲಿಮೀಟರ್ ಕತ್ತರಿಯ ಜಾಗ ಬಿಡಿ. ಆ್ಯಪ್‌ಗೆ ಏರಿಸುವ ಪ್ರತಿಯಲ್ಲಿ ಮಾತ್ರ ಆ ಕೋಡ್ ಇರಬಾರದು.