ಸಂಗೀತ ಸಭೆಗೆ ಜನರನ್ನು ಕರೆಯುವ ಬರಹ

ಧಾರವಾಡದ ಸಣ್ಣದೊಂದು ಸಂಗೀತ ಸಂಸ್ಥೆಗೆ ಆಮಂತ್ರಣ, ಕಲಾವಿದರ ಪರಿಚಯ, ಪತ್ರಿಕಾ ಪ್ರಕಟಣೆ ಬರೆದುಕೊಡುವುದು ನನ್ನ ಪಾಲಿನ ಕೆಲಸ. ನಾನು ಬರುವ ಹೊತ್ತಿಗೆ ಅಲ್ಲಿ ಒಂದು ಒಕ್ಕಣೆ ಗಟ್ಟಿಯಾಗಿ ನೆಲೆಯೂರಿತ್ತು. ಹಾಡುವವರು ಯಾರೇ ಆಗಿರಲಿ, ನಾದಲೋಕದ ಮೇರು ಪ್ರತಿಭೆ. ಅವರು ಹರಿಸುವುದು ಗಾನಸುಧೆ. ರಸಿಕರು ಸಕಾಲಕ್ಕೆ ಆಗಮಿಸಿ ಶೋಭೆ ಹೆಚ್ಚಿಸಬೇಕಾಗಿ ವಿನಂತಿ. ಅದರ ಹಿಂದಿನ ಗೌರವ ನಿಜವಾದದ್ದು. ಆದರೆ ಎಲ್ಲರಿಗೂ ಹೊಂದುವ ಹೊಗಳಿಕೆಯಲ್ಲಿ ಕಲಾವಿದರ ಮುಖವೇ ಕಾಣುವುದಿಲ್ಲ.

ಬದಲಾವಣೆಯನ್ನು ನಾನು ಆರಂಭಿಸಿದ್ದು ಫೋನ್ ಕರೆಗಳಿಂದ. ರಾಗ ಗೊತ್ತಿಲ್ಲದವರು ಬರಬಹುದೇ? ಮಗುವನ್ನು ಕರೆತರಬಹುದೇ? ಮಂಡಿ ನೋವು, ಕುರ್ಚಿ ಇರುತ್ತದೆಯೇ? ಮುಗಿದ ಮೇಲೆ ಹುಬ್ಬಳ್ಳಿಗೆ ಬಸ್ ಸಿಗುತ್ತದೆಯೇ? ನಮ್ಮ ಕಾರ್ಯದರ್ಶಿಗಳು “ಬನ್ನಿ ತಾಯಿ, ಹಿಂದೆ ಕುರ್ಚಿ ಹಾಕಿಸಿರುತ್ತೇವೆ, ಒಂಬತ್ತಕ್ಕೆಲ್ಲ ಮುಗಿಯುತ್ತದೆ” ಎನ್ನುತ್ತಿದ್ದರು. ಆ ಉತ್ತರಗಳನ್ನು ಬರೆದಿಟ್ಟುಕೊಂಡು, ಹೆಚ್ಚು ತಿದ್ದದೆ ಆಮಂತ್ರಣಕ್ಕೆ ಸೇರಿಸಿದೆ. ನಮ್ಮ ಸಂಸ್ಥೆಯ ದನಿ ನನಗೆ ಸಿಕ್ಕಿದ್ದು ಅಲ್ಲಿ.

ಪರಿಚಯ ಬರೆಯುವುದು ಇದಕ್ಕಿಂತ ಕಷ್ಟ. ಗಂಗೂಬಾಯಿ ಹಾನಗಲ್ ಅವರ ಸ್ಮರಣೆಯ ಸಭೆಗೆ ಪ್ರಶಸ್ತಿಗಳ ಪಟ್ಟಿ ಸಿದ್ಧವಾಗಿಯೇ ಇತ್ತು. ಅದರಲ್ಲಿ 2002ರ ಪದ್ಮವಿಭೂಷಣವನ್ನು ಮಾತ್ರ ಉಳಿಸಿಕೊಂಡೆ. ಮೊದಲ ಸಾಲಿನಲ್ಲಿ, ಅವರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು ಎಂದು ಬರೆದೆ. ಈ ಭಾಗದ ಓದುಗರಿಗೆ ಆ ದಾರಿ ಗೊತ್ತು. ಆ ಕಲಿಕೆಯ ಶ್ರಮವನ್ನು ಬೇರೆ ಮಾತಿನಲ್ಲಿ ವಿವರಿಸಬೇಕಾಗಲಿಲ್ಲ. ಈಗ ಪ್ರತಿ ಕಲಾವಿದರ ಬಗ್ಗೆಯೂ ಅವರೊಬ್ಬರಿಗೇ ಸಲ್ಲುವ ಇಂಥದೊಂದು ಸಂಗತಿ ಸಿಗುವ ತನಕ ಬರೆಯಲು ಕೂರುವುದಿಲ್ಲ. ಪಂಡಿತ, ವಿದುಷಿ ಎಂಬ ಗೌರವಗಳನ್ನು ಮಾತ್ರ ಎಂದೂ ಕೈಬಿಟ್ಟಿಲ್ಲ. ಸಲಿಗೆ ಬೇರೆ, ಆತ್ಮೀಯತೆ ಬೇರೆ.

ಸಂಗೀತದ ಪರಿಭಾಷೆಯನ್ನೂ ತೆಗೆದುಹಾಕಲಿಲ್ಲ. ಸರಳವಾಗಿ ಬರೆಯಬೇಕೆಂದು ವಿಲಂಬಿತ, ಸಮ್ ಎಂಬ ಮಾತುಗಳನ್ನು ಬಿಟ್ಟರೆ ಕೇಳುಗರಿಗೆ ಮೋಸವಾಗುತ್ತದೆ. ಹೊಸಬರಿಗಾಗಿ ನಾನು ಬರೆದ ಟಿಪ್ಪಣಿ ಹೀಗಿದೆ: “ಖಯಾಲ್ ಎಂಬ ಹಿಂದೂಸ್ತಾನಿ ಗಾಯನ ಮೊದಲು ಬಹಳ ನಿಧಾನವಾಗಿ ಸಾಗುತ್ತದೆ. ಇದು ವಿಲಂಬಿತ. ತಾಳ ಏಕತಾಲವಾದರೆ ತಬಲಾ 12 ಮಾತ್ರೆಗಳ, ಅಂದರೆ 12 ಎಣಿಕೆಗಳ, ಸುತ್ತು ಹಾಕುತ್ತಿರುತ್ತದೆ. ಗಾಯಕರು ಎಲ್ಲೆಲ್ಲೋ ಸಂಚರಿಸಿ ಸುತ್ತಿನ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ, ಬಂದು ಸೇರುವಾಗ ಪಕ್ಕದವರು ತಲೆದೂಗುತ್ತಾರೆ. ಎಣಿಸಲು ಬಾರದಿದ್ದರೂ ಅವರನ್ನು ನೋಡುತ್ತಿರಿ, ಸ್ವಲ್ಪ ಹೊತ್ತಿಗೆ ನಿಮಗೂ ತಿಳಿಯುತ್ತದೆ.”

ಬರೆದದ್ದನ್ನು ಗಟ್ಟಿಯಾಗಿ ಓದಿ, ಎದುರಿಗಿರುವವರಿಗೆ ಹೇಳಲು ಸಂಕೋಚವೆನಿಸುವ ವಾಕ್ಯವನ್ನು ಹೊಡೆದುಹಾಕುತ್ತೇನೆ. ದಾನಿಗಳ ಪತ್ರಕ್ಕೂ ಇದೇ ಕ್ರಮ. ‘ತಮ್ಮ ಉದಾರ ದೇಣಿಗೆಯಿಂದ ಉಪಕೃತರಾಗಿದ್ದೇವೆ’ ಎಂಬಲ್ಲಿ ಈಗ, ಅವರ ಹಣದಿಂದ ತಂಬೂರಿಗೆ ಹೊಸ ತಂತಿ ಹಾಕಿಸಿದೆವು, ಮುಂದಿನ ಸಭೆಯಲ್ಲಿ ಬಂದು ಕೇಳಿ ಎಂದು ಬರೆಯುತ್ತೇನೆ.