ಖಾತೆ ಅಣ್ಣನ ಹೆಸರಿಗೆ, ಮನೆ ನಾಲ್ವರದು

ಮೈಸೂರಿನ ಕುವೆಂಪುನಗರದ ಆ ಹಳೆಯ ಮನೆ ನಮಗೆಲ್ಲ ಒಪ್ಪಿಗೆಯಾಗಿತ್ತು. ಹಿತ್ತಲಿನ ತೆಂಗಿನ ಮರ ನೋಡಿಯೇ ಅಮ್ಮ ಮನಸೋತಿದ್ದರು. ಖಾತೆ ಮಾರುವವರ ಹೆಸರಿನಲ್ಲಿತ್ತು, ಕಂದಾಯದ ರಸೀದಿಗಳಿದ್ದವು, 13 ವರ್ಷಗಳ ಋಣಭಾರ ಪತ್ರದಲ್ಲಿ ಒಂದು ನಮೂದೂ ಇರಲಿಲ್ಲ. ಮುಂಗಡ ಕೊಡಲು ಹೊರಟೇಬಿಟ್ಟಿದ್ದೆ.

ತಡೆದವರು ನಮ್ಮ ವಕೀಲರು. "ಮೂಲಪತ್ರ ಎಲ್ಲಿ?" ಎಂದರು. ತರಿಸಿ ನೋಡಿದರೆ ಅದು ಮಾರುವವರ ತಂದೆಯ ಹೆಸರಿನಲ್ಲಿತ್ತು. ಅವರು ಉಯಿಲು ಬರೆಯದೆ ತೀರಿಕೊಂಡಿದ್ದರು. ಖಾತೆ ತೆರಿಗೆಯ ದಾಖಲೆಯೇ ಹೊರತು ಒಡೆತನದ ಪುರಾವೆಯಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಹೀಗೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೂ ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಷ್ಟೇ ಪಾಲಿದೆ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಸಾವಿನಿಂದ ಬಂದ ಹಕ್ಕು ಅಲ್ಲಿ ಕಾಣುವುದಿಲ್ಲ.

ವಂಶವೃಕ್ಷ ತರಿಸಿದಾಗ ಮಂಡ್ಯದಲ್ಲೊಬ್ಬರು, ಪಾಂಡವಪುರದಲ್ಲೊಬ್ಬರು ತಂಗಿಯರಿರುವುದು ತಿಳಿಯಿತು. "ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ, ಅವರೇನೂ ಕೇಳುವುದಿಲ್ಲ" ಎಂದರು ಮಧ್ಯವರ್ತಿ. ನನಗೆ ನಿಜಕ್ಕೂ ಸಿಟ್ಟು ಬಂದಿತು. ಇಬ್ಬರ ಮನೆಗೂ ನಾನೇ ಹೋದೆ. ಪಾಂಡವಪುರದವರಿಗೆ ಮಾರಾಟದ ಸುದ್ದಿಯೇ ತಿಳಿದಿರಲಿಲ್ಲ. ಬಹಳ ಹೊತ್ತು ಮಾತಾಡದೆ ಕುಳಿತಿದ್ದರು.

ಎರಡು ತಿಂಗಳು ತಡವಾಯಿತು. ಕೊನೆಗೆ ತಾಯಿ, ಮಗ, ಇಬ್ಬರು ಹೆಣ್ಣು ಮಕ್ಕಳು ನಾಲ್ವರೂ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸಹಿ ಹಾಕಿದರು. ಹಣವನ್ನೂ ಒಬ್ಬರ ಕೈಗೆ ಕೊಡದೆ, ನಾಲ್ವರ ಹೆಸರಿಗೂ ಬೇರೆ ಬೇರೆ ಡಿಡಿ ಮಾಡಿಸಿದೆ.

ನೋಂದಣಿ ಮುಗಿಸಿ ಹೊರಬರುವಾಗ ಪಾಂಡವಪುರದವರು ನನ್ನ ತಾಯಿಯ ಕೈ ಹಿಡಿದು, "ಆ ತೆಂಗು ನಮ್ಮಪ್ಪ ನೆಟ್ಟಿದ್ದು, ಕಡಿಯಬೇಡಿ ಅಮ್ಮಾ" ಎಂದರು.