ಗುಹೆ ಡೈವಿಂಗ್‌ಗೆ ಅಡಿಕೆ ತೋಟದಲ್ಲಿ ತಯಾರಿ: ನನ್ನ ಅನುಭವ

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮೀನು, ಹವಳ ನೋಡಲು ನೀರಿಗಿಳಿಯುತ್ತೇವೆ. ನೀರು ತುಂಬಿದ ಸುಣ್ಣಕಲ್ಲಿನ ಗುಹೆಯ ಸಂತೋಷವೇ ಬೇರೆ. ಅಲ್ಲಿ ನೋಡಲಿರುವುದು ಕಲ್ಲು, ಬೆಳಕು, ತಿಳಿನೀರು. ಬಾಗಿಲ ಬೆಳಕು ಕಣ್ಣಿಗೆ ಬೀಳುವಷ್ಟು ಜಾಗ ಕೇವರ್ನ್. ಬೆಳಕು ಮರೆಯಾದಲ್ಲಿಂದ ಗುಹೆ ಶುರು, ಅದಕ್ಕೆ ಬೇರೆಯೇ ತರಬೇತಿ ಬೇಕು. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ (PADI) ಕೇವರ್ನ್ ಕೋರ್ಸಿನಲ್ಲಿ ಆಳ, ದೂರ ಎರಡೂ ಸೇರಿ ಮೇಲ್ಮೈಯಿಂದ 40 ಮೀಟರ್ ಮಿತಿ.

ಮಲೆನಾಡಲ್ಲಿ ಡೈವ್ ಮಾಡುವಂಥ ನೀರುಗುಹೆ ಇಲ್ಲ. ನೀರು ನಿಂತ ಕಲ್ಲುಕ್ವಾರಿ, ಬಾವಿ, ತುಂಗೆಯ ಮಡು ಯಾವುದೂ ಅದಕ್ಕೆ ಬದಲಿಯಲ್ಲ, ಇಳಿಯಬೇಡಿ. ಆದರೆ ಈ ವಿದ್ಯೆಯ ಅರ್ಧ ಭಾಗ ಲೈನ್ ಎಳೆಯುವುದರಲ್ಲಿದೆ. ಅದಕ್ಕೆ ಒಣನೆಲವೇ ಸಾಕು, ಅದರಲ್ಲೂ 9 ಅಡಿಗೊಂದು ಮರವಿರುವ ಅಡಿಕೆ ತೋಟಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಲೈನ್ ಅಂದರೆ ಹೊರಬರುವ ದಾರಿ ತಪ್ಪದಂತೆ ಬಾಗಿಲಿನಿಂದ ಒಳಗಿನವರೆಗೆ ಕಟ್ಟುತ್ತಾ ಹೋಗುವ ಹೆಣೆದ ನೈಲಾನ್ ದಾರ. 3 ಮೀಟರಿಗೊಂದು ಗಂಟು ಇರುತ್ತದೆ, ಬೆರಳಲ್ಲೇ ಎಣಿಸಿ ದೂರ ತಿಳಿಯಬಹುದು. ಮೊದಲ ಕಟ್ಟು ನೇರ ಮೇಲೇಳಬಹುದಾದ ತೆರೆದ ನೀರಿನಲ್ಲಿ, ಎರಡನೆಯದು ಬಾಗಿಲು ದಾಟಿದ ಕೂಡಲೇ. ನಾನು ಅಂಗಳದಂಚಿನ ಮರಕ್ಕೆ ಮೊದಲನೆಯದನ್ನು ಹಾಕುತ್ತೇನೆ: ತುದಿಯ ಕುಣಿಕೆಯೊಳಗೆ ದಾರ ಸುತ್ತಿದ ರೀಲನ್ನೇ ತೂರಿಸಿ ಬಿಗಿಯುವುದು. ತೋಟದ ಮೊದಲ ಸಾಲಿನ ಮರಕ್ಕೆ ಎರಡನೆಯದು: ಒಂದು ಸುತ್ತು ಹಾಕಿ, ಬಂದ ಲೈನಿನ ಅಡಿಯಿಂದ ರೀಲು ಹಾಯಿಸಿ ಬಿಗಿ ಮಾಡುವುದು. ಮುಂದಿನವಕ್ಕೆ ಒಂದೊಂದು ತಿರುವು ಕೊಟ್ಟರೆ ಸಾಕು. ರೀಲಿನ ಮೇಲಿನ ಬೆರಳು ಸಡಿಲಿಸಬಾರದು. ಸಡಿಲ ದಾರ ಮೊದಲು ಸಿಕ್ಕಾಗುತ್ತದೆ, ಆಮೇಲೆ ಫಿನ್ನಿಗೆ ಸುತ್ತಿಕೊಳ್ಳುತ್ತದೆ.

ಕಾಳುಮೆಣಸು ಹಬ್ಬಿದ ಮರ ಒಂದು ದೊಡ್ಡ ಪಾಠ ಕಲಿಸುತ್ತದೆ. ದಾರ ಬಳ್ಳಿಗೂ ಮರಕ್ಕೂ ನಡುವಿನ ಸಂದಿಗೆ ಸರಿದು ಕೂತರೆ ಬೆರಳು ಅಲ್ಲಿಗೆ ತೂರುವುದಿಲ್ಲ. ಗುಹೆಯಲ್ಲಿ ಇದಕ್ಕೇ ಲೈನ್ ಟ್ರ್ಯಾಪ್ ಅನ್ನುತ್ತಾರೆ: ದಾರ ಹೋದ ಬಿರುಕಿನಲ್ಲಿ ಮನುಷ್ಯ ಹೋಗಲಾರ. ನೋಡುತ್ತಾ ಎಳೆದಾಗ ತೊಂದರೆ ಕಾಣುವುದೇ ಇಲ್ಲ, ಕಣ್ಣು ಮುಚ್ಚಿ ಹಿಂದಿರುಗುವಾಗಲೇ ಗೊತ್ತಾಗುವುದು. ಬಳ್ಳಿ ಹರಿಯದಂತೆ ಹಳೆಯ ಮರವೊಂದರಲ್ಲಿ ಇದನ್ನು ಬೇಕೆಂದೇ ಮಾಡಿ ನೋಡಿ.

ಹಿಂದಿರುಗುವ ಅಭ್ಯಾಸಕ್ಕೆ ಮಾಸ್ಕಿನ ಗಾಜಿಗೆ ಕಪ್ಪು ಟೇಪು ಹಚ್ಚಿ. ಹೆಬ್ಬೆರಳು, ತೋರುಬೆರಳು ಉಂಗುರ ಮಾಡಿ ಲೈನ್ ಅದರೊಳಗೆ ಇರಲಿ. ಹಿಂದಿನವರು ಮುಂದಿನವರ ತೋಳು ಹಿಡಿಯುತ್ತಾರೆ: ನೂಕಿದರೆ ನಡೆ, ಹಿಸುಕಿದರೆ ನಿಲ್ಲು, ಎಳೆದರೆ ಹಿಂದೆ ಬಾ. ಕಟ್ಟು ಸಿಕ್ಕಾಗ ಒಂದು ಕೈ ಲೈನ್ ಮೇಲೆ ಇದ್ದಂತೆಯೇ ಇನ್ನೊಂದು ಕೈ ಆಚೆಯ ಲೈನ್ ಹುಡುಕಬೇಕು. ಎರಡೂ ಕೈ ಬಿಟ್ಟರೆ ದಿಕ್ಕು ತಪ್ಪಿದಂತೆಯೇ. ಬಸಿಗಾಲುವೆಗೆ ಬೀಳದಂತೆ ಕಾಯಲು ಟೇಪಿಲ್ಲದ ಒಬ್ಬರು ಜೊತೆಗಿರಲೇಬೇಕು. ಮಳೆಗಾಲದಲ್ಲಿ ಉಂಬಳದ ಕಾಟ, ಆಗ ಜಗಲಿಯ ಕಂಬಗಳೇ ಗತಿ.

ಕಾಲಿನ ಅಭ್ಯಾಸಕ್ಕೂ ಜಗಲಿಯೇ ಸಾಕು. ಬೆಂಚಿನ ಮೇಲೆ ಬೋರಲು ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ಹೊರಕ್ಕೆ ತಿರುಗಿಸಿ ಹಿಂದಕ್ಕೆ ತಳ್ಳುವ ಫ್ರಾಗ್ ಕಿಕ್. ಕಾಲು ಮೇಲೆ ಕೆಳಗೆ ಬಡಿದರೆ ತಳದ ಹೂಳೆದ್ದು ನಿಮಿಷದೊಳಗೆ ಕೈ ಕಾಣದಂತಾಗುತ್ತದೆ.

ಗಾಳಿಯ ಲೆಕ್ಕ ಮೂರರ ಒಂದು ಭಾಗ: ಒಂದು ಒಳಹೋಗಲು, ಒಂದು ಹೊರಬರಲು, ಒಂದು ಆಪತ್ತಿಗೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇದ್ದರೆ ಲೆಕ್ಕಕ್ಕೆ ಮೂರರಿಂದ ಭಾಗವಾಗುವ 180 ಹಿಡಿದು, ಒಳಹೋಗಲು ಬಳಸುವುದು 60; 200ರಲ್ಲಿ ಅಷ್ಟು ಕಳೆದು 140 ಉಳಿದಾಗ ತಿರುಗುವುದು. ಸಿಲಿಂಡರ್ ಒಂದೇ ಗಾತ್ರದ್ದಾದರೆ, ಕಡಿಮೆ ಒತ್ತಡ ಇರುವವರ ಲೆಕ್ಕವೇ ಇಬ್ಬರಿಗೂ. ಕೇವರ್ನ್‌ನಲ್ಲಿ ಮುಖ್ಯ ದೀಪ ಸೂರ್ಯನೇ, ಆದರೂ ಒಬ್ಬೊಬ್ಬರಿಗೂ ಎರಡು ಟಾರ್ಚ್ ಬೇಕು.

ಇಷ್ಟು ಕೈಗೆ ಹತ್ತಿದ ಮೇಲೆ ಮೆಕ್ಸಿಕೋದ ಯುಕಟಾನ್‌ನಲ್ಲಿ ಕೋರ್ಸ್ ಮಾಡಿದರೆ ಮನಸ್ಸು ದಾರದ ಮೇಲಲ್ಲ, ಗುಹೆಯ ಮೇಲೆ ಇರುತ್ತದೆ. ಅಲ್ಲಿನ ಸೆನೋಟೆಗಳಲ್ಲಿ, ಅಂದರೆ ಸುಣ್ಣಕಲ್ಲು ಕುಸಿದು ಆದ ನೀರುಗುಂಡಿಗಳಲ್ಲಿ, ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಲುಗಳಿವೆ. ನೀರಿನಡಿ ಅವು ಬೆಳೆಯುವುದಿಲ್ಲ. ಹಿಮಯುಗದಲ್ಲಿ ಸಮುದ್ರ ತಗ್ಗಿದ್ದಾಗ, ಗುಹೆ ಒಣಗಿದ್ದಾಗ ಹನಿಹನಿಯಾಗಿ ಆದವು. ಅಂಥದ್ದರ ಪಕ್ಕ, ಅದನ್ನು ಮುಟ್ಟದೆ ತೇಲುವ ಖುಷಿಗೆ ನಾನು ಇಷ್ಟೆಲ್ಲ ಪಾಡುಪಡುತ್ತೇನೆ. ಚಾಕ್ ಮೂಲ್ ಎಂಬ ಸೆನೋಟೆಯಲ್ಲಿ ಸಿಹಿನೀರಿನ ಕೆಳಗೆ ಉಪ್ಪುನೀರು ಕೂತಿದೆ. ಎರಡೂ ನೀರು ಸೇರುವ ನಡುವಿನ ಪದರ, ಹ್ಯಾಲೋಕ್ಲೈನ್, ಕದಡುವವರೆಗೂ ಅದರ ಕೆಳಗೆ ಬರೀ ಗಾಳಿ ಇದ್ದಂತೆ ಕಾಣುತ್ತದೆ. ಮುಂದಿನವರ ಕಾಲು ತಾಗಿತೋ, ಎಲ್ಲವೂ ಮಸುಕು; ಅವರ ಹಿಂದೆ ಬೀಳದೆ ತುಸು ಪಕ್ಕಕ್ಕೆ ಹೋಗಿ. ಉಪ್ಪುನೀರಿಗೆ ಇಳಿದಾಗ ಸುಮಾರು 2 ಕಿಲೋದಷ್ಟು ಮೇಲಕ್ಕೆ ತಳ್ಳಿದಂತಾಗುತ್ತದೆ. ನೇತ್ರಾಣಿಯ ತೂಕವನ್ನೇ ಕಟ್ಟಿಕೊಂಡು ಹೋದರೆ ಸಿಹಿನೀರಲ್ಲಿ ಅಷ್ಟೇ ಭಾರ ಹೆಚ್ಚಾಗಿ ತಳಕ್ಕೆ ಕೂರುತ್ತೀರಿ.

ರೀಲು ಹಿಡಿದವರು ಒಳಗೆ ಮೊದಲು, ಹೊರಗೆ ಕೊನೆಗೆ. ಜೊತೆಗಾರರು ಮುಂದಾಗಿ ತಿರುವು ಬಿಡಿಸುತ್ತಾರೆ, ನೀವು ದಾರ ಬಿಗಿಯಾಗಿರುವಷ್ಟೇ ವೇಗದಲ್ಲಿ ಸುತ್ತಿ. ಮನೆಗೆ ಬಂದ ಮೇಲೆ ಪೂರ್ತಿ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಅಟ್ಟದ ಮೇಲೆ ಒಣಗಲು ಹಾಕಿ. ನಮ್ಮ ಮಳೆಗಾಲದ ಗಾಳಿಗೆ ಒದ್ದೆ ರೀಲು ಬೂಷ್ಟು ಹಿಡಿಯುತ್ತದೆ. ಮತ್ತೆ ಸುತ್ತುವಾಗ ದಾರವನ್ನು ಬೆರಳ ನಡುವೆ ಹಾಯಿಸಿ, ನೂಲೆದ್ದ ಜಾಗ ಸಿಕ್ಕರೆ ಅಲ್ಲಿಗೆ ಕತ್ತರಿಸಿ.